ಎರಡೇ ಹೆಸರಿನ ಕಾರ್ಡು

ಶಾಸಕರ ಮನೆಯ ಪಡಸಾಲೆಯಲ್ಲಿ ಶಂಕ್ರವ್ವ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಆಸ್ಪತ್ರೆಯಲ್ಲಿದ್ದ ಮಗಳು ಗಿರಿಜಾಳ ನೋವಿನಲ್ಲಿ ಅರ್ಧ ಅವಳ ಪಾಲಿಗೆ ಬಂದಿತ್ತು. ಈಗ ಚಿಕಿತ್ಸೆ ಎಂದರೆ ಅಷ್ಟೇ: ಒಂದೇ ರೇಷನ್ ಕಾರ್ಡಿನಲ್ಲಿ ಹೆಸರಿದ್ದವರಿಗೆಲ್ಲ ಆಸ್ಪತ್ರೆಯವರು ನೋವನ್ನು ಸಮನಾಗಿ ಹಂಚುತ್ತಿದ್ದರು. ಹೆಚ್ಚು ಅಕ್ಕಿ ಸಿಗಲೆಂದು ಮೈದುನನ ಕಾರ್ಡಿನಿಂದ ಬೇರೆಯಾದವಳು ಶಂಕ್ರವ್ವನೇ. ಒಂಬತ್ತು ಹೆಸರಿದ್ದಲ್ಲಿ ಅವಳ ಹೊಸ ಕಾರ್ಡಿನಲ್ಲಿ ತಾಯಿ ಮಗಳದು ಎರಡೇ ಉಳಿದವು.

“ಒಡದ ಕಾರ್ಡು ಕೂಡಿಸಾಕ ಕಾನೂನು ತಿದ್ದಸ್ರಿ ಸಾಹೇಬ್ರ. ಮೈದುನಾ, ನೆಗೆಣ್ಣಿ ಎಲ್ಲಾರೂ ನೋವು ಹೊರತೀವಿ ಅಂತಾರ. ಅರ್ಧಾ ನೋವು ಹುಡುಗಿ ತಾಳಂಗಿಲ್ಲಂತ ಡಾಕ್ಟರ್ ಅಂದಾರ.”

“ಮುಂದಿನ ಅಧಿವೇಶನದಾಗ ಮಾತಾಡ್ತೀನಿ ಯವ್ವಾ,” ಎಂದರು ಶಾಸಕರು, ಚಹಾ ಹೀರುತ್ತ. “ದೀಪಾವಳಿ ಮುಗೀಲಿ.”

“ಸೊಸಿ ಹೆಸರು ಸೇರಿಸಾಕ ಅಧಿವೇಶನ ಬೇಕಾಗಿಲ್ಲಲ್ರಿ? ನಿಮ್ಮ ಮಗಗ ನನ್ನ ಗಿರಿಜಾನ್ನ ಇವತ್ತ ತಂದ್ಕೊಳ್ರಿ. ನಿಮ್ಮ ಕಾರ್ಡಿನಾಗ ಹನ್ನೊಂದು ಮಂದಿ ಅದೀರಿ. ಕಾಲಿಗೆ ಬೀಳ್ತೀನ್ರಿ.”

ಶಾಸಕರ ಹೆಂಡತಿ ಒಳಗಿನಿಂದ ಬಾಗಿಲು ಹಾಕಿಕೊಂಡರು.

ಕಾಲಿಗೆ ಬೀಳಲು ಬಗ್ಗಿದ ಶಂಕ್ರವ್ವ ಬಗ್ಗಿದಲ್ಲೇ ನಿಂತಳು. ತಿಂಗಳಿಂದ ಬಿಡದ ನೋವು ತಟ್ಟನೆ ಇಲ್ಲವಾಗಿತ್ತು. ಗಾಬರಿಯಿಂದ ಹೊಟ್ಟೆಯನ್ನು ಅಲ್ಲಿ ಇಲ್ಲಿ ಹಿಸುಕಿಕೊಂಡಳು. ಎಲ್ಲಿ ಒತ್ತಿದರೂ ನೋಯಲಿಲ್ಲ.