ಗೋಡೆಯಾಚೆಯ ಹುಲ್ಲು

೧೯೮೩ರ ಡಿಸೆಂಬರಿನಲ್ಲಿ ಜಗಳೂರಿನ ಮುಂದೆ ಒಂದು ಗಂಭೀರ ಪ್ರಶ್ನೆ ಎದ್ದು ನಿಂತಿತು: ಗಾದಿ ಹೊಲಿಯುವ ಸೈದಾಬೀಯ ಅಂಗಳದ ಹುಲ್ಲು ಏಕೆ ಹಸಿರಾಗಿದೆ? ಪ್ರಶ್ನೆ ಎದ್ದದ್ದು ಒಂದೇ ಒಂದು ತಲೆಯಲ್ಲಿ. ಆದರೆ ಅದು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಶಿವಮೂರ್ತಪ್ಪ ಮೇಷ್ಟ್ರ ತಲೆ.

ಗಣರಾಜ್ಯೋತ್ಸವಕ್ಕೆ ಊರಿನ ಕ್ಲಬ್ಬು ‘ಅಂದದ ಅಂಗಳ’ ಸ್ಪರ್ಧೆ ನಡೆಸುತ್ತಿತ್ತು. ಎರಡು ವರ್ಷ ಬಹುಮಾನ ಗೋಡೆಯಾಚೆ ಸೈದಾಬೀಗೆ ಹೋಗಿತ್ತು. ಮೂರನೆಯ ಸಲವೂ ಹೋದರೆ, ಗಿಡ ಹೇಗೆ ಬೆಳೆಯುತ್ತದೆಂದು ಅರ್ಧ ಊರಿಗೆ ಪಾಠ ಹೇಳಿದವರು ಹಳೆಯ ವಿದ್ಯಾರ್ಥಿಗಳಿಗೆ ಮುಖ ತೋರಿಸುವುದು ಹೇಗೆ?

ಮೇಷ್ಟ್ರು ಏನೂ ಕಡಿಮೆ ಮಾಡಿರಲಿಲ್ಲ. ದಾವಣಗೆರೆಯಿಂದ ಯೂರಿಯಾ ಬಂತು, ಹುಳದ ಪುಡಿ ಬಂತು, ಹುಲ್ಲು ಕತ್ತರಿಸುವ ಯಂತ್ರವೂ ಬಂತು. ನಲ್ಲಿ ಮಾತ್ರ ಮೂರು ದಿನಕ್ಕೊಮ್ಮೆ ಬರುತ್ತಿತ್ತು. ತೊಟ್ಟಿಯಲ್ಲಿ ಹಿಡಿದಿಟ್ಟ ನೀರು ಅವರ ಸ್ನಾನಕ್ಕೇ ಮುಗಿಯುತ್ತಿತ್ತು. ಸ್ನಾನದಲ್ಲಿ ಅವರು ಜಿಪುಣರಲ್ಲ. ಅವರ ಲಾನು ಹಪ್ಪಳದ ಬಣ್ಣಕ್ಕೆ ತಿರುಗಿತ್ತು.

ಆಚೆ ಸೈದಾಬೀ ಹೊಲದ ಗರಿಕೆಯನ್ನೇ ತಂದು ನೆಟ್ಟಿದ್ದಳು. ಗೊಬ್ಬರಕ್ಕೆ ಕುರಿಹಿಕ್ಕೆ, ಕತ್ತರಿಸಲು ಅದೇ ಕುರಿ. ಆಕೆ ಒಂದು ಬಿಂದಿಗೆ ನೀರು ಹಾಕಿದ್ದನ್ನೂ ಕಂಡವರಿಲ್ಲ. ಹೆಂಗಮ್ಮ ಇದು ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ: “ಎಲ್ಲ ನಿಮ್ಮಿಂದ್ಲೇ ಐತ್ರೀ ಮೇಷ್ಟ್ರೇ.”

ವಿನಯಕ್ಕೇನೂ ಕೊರತೆಯಿಲ್ಲ ಎಂದು ಮೇಷ್ಟ್ರು ಒಪ್ಪುತ್ತಿದ್ದರು. ದಿನಾ ಬೆಳಿಗ್ಗೆ ಆಕೆ ಗೋಡೆಯ ಮೇಲಿಂದ ಇಣುಕಿ, “ಜಳಕ ಆತೇನ್ರೀ?” ಎಂದು ವಿಚಾರಿಸದೆ ಬಿಡುತ್ತಿರಲಿಲ್ಲ. ರಂಜಾನಿಗೆ ಸುರಕುಂಬ ಪಾಯಸದ ಜೊತೆ ಒಂದು ಡಬ್ಬಿ ಕಡಲೆಹಿಟ್ಟನ್ನೂ ಕಳಿಸಿ, ಸೋಪು ಬಿಟ್ಟು ಇದನ್ನೇ ಹಚ್ಚಿಕೊಳ್ಳಿ ಎಂದಿದ್ದಳು. ಮೇಷ್ಟ್ರ ಮೈ ನಿಜಕ್ಕೂ ನುಣುಪಾಗಿತ್ತು. ಗಾರೆ ಕೆಲಸದ ಅವಳ ಗಂಡ ಪೀರ್‌ಸಾಬ್ ಮೂರು ವರ್ಷದ ಹಿಂದೆ ಮೇಷ್ಟ್ರ ಮನೆಯ ರಿಪೇರಿಯನ್ನು ಅರ್ಧ ಕೂಲಿಗೆ ಮಾಡಿಕೊಟ್ಟಿದ್ದ. ಇಂಥವರ ಮೇಲೆ ಅನುಮಾನಪಡಲು ವಿಜ್ಞಾನವೇ ಬೇಕು.

ಅನುಮಾನ ಹುಟ್ಟಿದ್ದು ಹೊನ್ನಾಳಿಯಿಂದ. ಮೇಷ್ಟ್ರು ಅಲ್ಲಿ ಮಗಳ ಮನೆಯಲ್ಲಿ ಹದಿನೈದು ದಿನ ಇದ್ದು ಬಂದಾಗ ಗೋಡೆಯಾಚೆಯ ಹುಲ್ಲೂ ಬಾಡಿತ್ತು. ಬಸ್ಸಿಳಿದು ಬಂದವರನ್ನು ಕಂಡು ಸೈದಾಬೀಗೆ ಕಣ್ಣಲ್ಲಿ ನೀರೇ ಬಂತು. ವಾರದಲ್ಲಿ ಹುಲ್ಲು ಮತ್ತೆ ಚಿಗುರಿತು. ತಾವು ಊರಲ್ಲಿದ್ದಾಗ ಮಾತ್ರ ಹಸಿರಾಗುವ ಹುಲ್ಲು ತಮ್ಮ ಹೊಟ್ಟೆ ಉರಿಸಲೆಂದೇ ಬೆಳೆಸಿದ ಹುಲ್ಲು. ನೆಲದೊಳಗೆ ಕಳ್ಳ ನಲ್ಲಿ ಇರಲೇಬೇಕು.

ಪಂಚಾಯ್ತಿಯಲ್ಲಿ ನೀರು ಬಿಡುವ ಹಾಲಸ್ವಾಮಿಯನ್ನು ಮೇಷ್ಟ್ರು ಪಿಕಾಸಿ ಸಮೇತ ಕರೆತಂದರು.

“ಅಗೀರಿ,” ಎಂದಳು ಸೈದಾಬೀ. “ಬೇರಿಗೆ ಪೆಟ್ಟು ಮಾಡಬ್ಯಾಡ್ರಿ.”

ಅರ್ಧ ಅಡಿಯಲ್ಲೇ ಮಣ್ಣಿನ ಕೊಳವೆ ಸಿಕ್ಕಿತು, ಉದ್ದಕ್ಕೂ ಸಣ್ಣ ತೂತುಗಳು. ಮೇಷ್ಟ್ರ ಮೀಸೆ ಅರಳಿತು. ಕೊಳವೆ ಬೀದಿಯ ಕಡೆ ಹೋಗಲಿಲ್ಲ. ಗೋಡೆಯ ಅಡಿ ನುಸುಳಿತ್ತು. ಹಾಗಾದರೆ ಕದ್ದದ್ದು ತಮ್ಮ ನೀರನ್ನೇ. ಮೇಷ್ಟ್ರು ಪಿಕಾಸಿ ಕಸಿದುಕೊಂಡು ಗೋಡೆಯ ಈಚೆ ತಾವೇ ಅಗೆದರು. ತಡೆಯಲು ಯಾರೂ ಬರಲಿಲ್ಲ.

ಹಾಲಸ್ವಾಮಿ ಕೊಳವೆಯೊಳಗೆ ಕೈ ಹಾಕಿದ, ಬೆರಳು ಮೂಸಿದ, ಮತ್ತೊಮ್ಮೆ ಮೂಸಿದ.

“ಇದು ನಲ್ಲಿ ನೀರಲ್ರೀ ಮೇಷ್ಟ್ರೇ. ನಿಮ್ಮ ಬಚ್ಚಲಿಂದ ಬರ್ತೈತೆ. ಕಡ್ಲೆಹಿಟ್ಟಿನ ವಾಸ್ನೆ ಐತೆ.”

ಮೇಷ್ಟ್ರಿಗೆ ಪೀರ್‌ಸಾಬನ ಅರ್ಧ ಕೂಲಿಯ ರಿಪೇರಿ ನೆನಪಾಯಿತು.

“ನಾನು ಹೇಳ್ತಾನೇ ಇದ್ನಲ್ರೀ,” ಎಂದಳು ಸೈದಾಬೀ.

ಆ ಸಲದ ಬಹುಮಾನ ಇಬ್ಬರ ಹೆಸರಿಗೂ ಬಂತು. ಮೇಷ್ಟ್ರು ಈಗ ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಾರೆ.