ತುಳಿಯಬಾರದ ಹಗ್ಗ

"ಅಜ್ಜಿ, ಕಾಲು ತೆಗೀರಿ!" ಅಗ್ನಿಶಾಮಕ ದಳದ ಹುಡುಗಿ ಕಿರುಚಿದಳು. ಬೆಂಕಿ ಬಾಲ್ಕನಿಗೇ ಬಂತೆಂದು ಅಜ್ಜಿ ಹೌಹಾರಿದರು. ಬೆಂಕಿ ಬಂದಿರಲಿಲ್ಲ, ಅವರು ಹಗ್ಗ ತುಳಿದಿದ್ದರು, ಅಷ್ಟೆ.

ಮೆಟ್ಟಿಲ ತುಂಬ ಹೊಗೆ. ಮೂರನೇ ಮಹಡಿಯಿಂದ ಇಳಿಯಲು ಉಳಿದಿದ್ದು ಆ ಹಗ್ಗವೊಂದೇ. ಆದರೆ ಅಜ್ಜಿಯದು ಒಂದೇ ಹಟ: "ನಾನು ಬಟ್ಟೆ ಒಣಗಿಸೋ ಹಗ್ಗನೇ ಇದಕ್ಕಿಂತ ದಪ್ಪ ಇದೆ. ನಾನಂತೂ ಇಳಿಯಲ್ಲ." ಈಗ ಕೇಳಿದರು, "ತುಳಿದ್ರೆ ಏನೇ? ಹಗ್ಗಕ್ಕೂ ನೋವಾಗುತ್ತಾ?"

"ಮೇಲೆ ಕಾಣೋದು ಬರೀ ಹೊದಿಕೆ ಅಜ್ಜಿ, ಭಾರ ಹೊರೋ ಎಳೆಗಳು ಒಳಗಿವೆ. ತುಳಿದ್ರೆ ಮರಳು ಒಳಗೆ ಸೇರಿ ಎಳೆ ಕೊಯ್ಯುತ್ತೆ. ನಮ್ಮ ಸಾಹೇಬ್ರು ತುಳಿದ್ರೂ ನಾವು ಬಿಡಲ್ಲ." ಹೇಳುತ್ತಲೇ ಅವಳು ಮಂಡಿಯೂರಿ, ತುಳಿದ ಜಾಗವನ್ನು ಬೆರಳಲ್ಲಿ ಒತ್ತಿ ನೋಡಿ, ಧೂಳು ಒರೆಸಿದಳು.

ಅಜ್ಜಿ ಅದನ್ನೇ ನೋಡುತ್ತಿದ್ದವರು ಕನ್ನಡಕ ತೆಗೆದು ಸ್ವೆಟರಿನ ಜೇಬಿಗೆ ಹಾಕಿ, ಎರಡೂ ಕೈ ಎತ್ತಿ ನಿಂತರು. "ಹಗ್ಗನೇ ಇಷ್ಟು ಜೋಪಾನ ಮಾಡೋಳು ನನ್ನ ಬೀಳಿಸ್ತೀಯಾ? ಕಟ್ಟೇ, ಕಟ್ಟು."

ಅವಳು ಅಜ್ಜಿಯ ಸೊಂಟಕ್ಕೆ ಪಟ್ಟಿ ಬಿಗಿದು, ಹಗ್ಗಕ್ಕೆ ಸೇರಿಸಿ ನಿಧಾನವಾಗಿ ಇಳಿಸಿದಳು. ಕೆಳಗಿನಿಂದ ಸದ್ದೇ ಇಲ್ಲ. ಅಜ್ಜಿ ಹೆದರಿ ಮೂರ್ಛೆ ಹೋದರೇ ಎಂದು ಬಗ್ಗಿ ನೋಡಿದಳು. ನೆಲ ಮುಟ್ಟಿದ ಅಜ್ಜಿ ಕನ್ನಡಕ ಏರಿಸಿಕೊಂಡು, ಟೋಪಿ ಹಾಕಿದ್ದವರೊಬ್ಬರ ಕಾಲಡಿಯಿದ್ದ ಇನ್ನೊಂದು ಹಗ್ಗದತ್ತ ಬೆರಳು ತೋರಿಸಿ ಗದರಿದರು: "ಏನಪ್ಪಾ ಟೋಪಿ, ಕಾಲು ತೆಗಿ!"

ಸಾಹೇಬರು ಬೆಚ್ಚಿ ಕಾಲು ತೆಗೆದರು.