ಸೆವಿಲ್‌ನಲ್ಲಿ ಶುಕ್ರವಾರ

ಸ್ಪೇನಿನಲ್ಲಿ ಶುಕ್ರವಾರ ರಜೆಯಿಲ್ಲ ಎಂಬುದು ಕುಶಲನಿಗೆ ಹೊಳೆದದ್ದು ಫೋನ್ ಇಟ್ಟ ಮೇಲೆ.

ಅಷ್ಟರಲ್ಲಿ ಹೆಂಡತಿಗೆ ಹೇಳಿ ಆಗಿತ್ತು: "ಇವತ್ತು ಶುಕ್ರವಾರ ಅಲ್ವಾ, ಟ್ರೈನಿಂಗಿಗೆ ರಜೆ. ಮ್ಯೂಸಿಯಂ ನೋಡ್ಲಿಕ್ಕೆ ಹೋಗಿದ್ದೆ." ಸುಜಾತಾ "ಹೌದಾ?" ಎಂದಿದ್ದಳು, ಅಷ್ಟೇ. ಹನ್ನೊಂದು ವರ್ಷ ಬಹರೈನಿನಲ್ಲಿ ಶುಕ್ರವಾರವೇ ರಜೆ ಅನುಭವಿಸಿದವನ ಬಾಯಲ್ಲಿ ಬೇರೆ ಯಾವ ವಾರ ಬಂದೀತು? ಕುಶಲ ಫೋನಿಗೆ ಸುತ್ತಿದ್ದ ಕರವಸ್ತ್ರವನ್ನು ಬಿಚ್ಚಿ ಜೇಬಿಗೆ ತುರುಕಿದ. ದನಿ ದೂರದಿಂದ ಬಂದಂತಿರಲಿ ಎಂದು ಸುತ್ತಿದ್ದು. ಅವನು ನಿಂತದ್ದು ಸೆವಿಲ್ ನಗರದಲ್ಲಲ್ಲ, ಬಹರೈನಿನದೇ ಸೆಗಯಾದ ಗಲ್ಲಿಯೊಂದರ ಕಾರ್ಡ್ ಫೋನಿನ ಮುಂದೆ. ಮಾಹೂಝ್‌ನ ಅವನ ಮನೆಗೆ ಅಲ್ಲಿಂದ ಟ್ಯಾಕ್ಸಿಯಲ್ಲಿ ಐದು ನಿಮಿಷ.

ತಪ್ಪು ಬ್ಯಾಂಕಿನದು. ಡಿಪ್ಲೊಮ್ಯಾಟಿಕ್ ಏರಿಯಾದ ಅವನ ಬ್ಯಾಂಕು ಸೆವಿಲ್‌ನ ಎರಡು ವಾರದ ತರಬೇತಿಗೆ ಅವನ ಹೆಸರು ಬರೆದು, ಹೊರಡಲು ಎರಡೇ ದಿನವಿರುವಾಗ ಅದನ್ನು ಹೊಡೆದು ಹಾಕಿ, ಮ್ಯಾನೇಜರನ ಕಡೆಯವನೊಬ್ಬನನ್ನು ಕಳಿಸಿತು. ಆದರೆ ಆಗಲೇ ಸುಜಾತಾಳ ಅಣ್ಣ ಸುಂದರ ಬೀಳ್ಕೊಡುಗೆಯ ಊಟ ಹಾಕಿಸಿದ್ದ. ಮನಾಮದಲ್ಲಿ ಸ್ವಂತ ಅಂಗಡಿಯಿದ್ದ ಸುಂದರ ಎರಡು ಸಲ ಲಂಡನ್ನಿಗೆ ಹೋಗಿ ಬಂದವನು. ಆ ಎರಡು ಸಲವನ್ನು ತಂಗಿಯ ಮನೆಯಲ್ಲಿ ಇನ್ನೂರು ಸಲ ಹೇಳಿದ್ದ. ಅವತ್ತಿನ ಊಟದಲ್ಲಿ ಸುಜಾತಾ ಮೊದಲ ಬಾರಿಗೆ ಅಣ್ಣನೆದುರು ತಲೆಯೆತ್ತಿ, "ನಮ್ಮವರು ಸ್ಪೇನಿಗೆ" ಎಂದಿದ್ದಳು.

ಆ ತಲೆ ತಗ್ಗುವುದನ್ನು ನೋಡುವ ಧೈರ್ಯ ಕುಶಲನಿಗಿರಲಿಲ್ಲ. ರಜೆ ಹಾಕಿದ. ಶನಿವಾರ ಸೂಟ್‌ಕೇಸು ಹಿಡಿದು ಏರ್‌ಪೋರ್ಟಿಗೆ ಹೋದ. ಅಲ್ಲಿಂದ ಇನ್ನೊಂದು ಟ್ಯಾಕ್ಸಿ ಮಾಡಿ ಸೇಸಪ್ಪನ ಕೋಣೆಗೆ ಬಂದ.

ಸೇಸಪ್ಪ ಎ.ಸಿ. ಮೆಕ್ಯಾನಿಕ್, ಕುಶಲನ ಮದುವೆಗೆ ಮುಂಚಿನ ರೂಮ್‌ಮೇಟ್. "ಮನೆಯಲ್ಲಿ ನಿಜ ಹೇಳಿದ್ರೆ ಆಗ್ತಿತ್ತು ಕುಶಲಣ್ಣ" ಎನ್ನುತ್ತಲೇ ಚಾಪೆ ಹಾಸಿಕೊಟ್ಟ. ಮಧ್ಯಾಹ್ನದ ಊಟಕ್ಕೆ ಚಂದ್ರಮ್ಮನ ಮೆಸ್ಸಿನಿಂದ ಕ್ಯಾರಿಯರ್ ತಂದುಕೊಟ್ಟ. ಆ ಸಾರಿನ ಖಾರ ಕುಶಲನ ಕಣ್ಣಲ್ಲಿ ನೀರು ತರಿಸಿತು.

ಸ್ಪೇನಿನ ಬಗ್ಗೆ ಕುಶಲನ ಕೈಯಲ್ಲಿದ್ದದ್ದು ತರಬೇತಿಯ ಒಂದು ಕರಪತ್ರ. ಸೆವಿಲನ್ನು ಒಂದು ಕಾಲದಲ್ಲಿ ಅರಬರು ಆಳಿದ್ದರು ಎಂದು ಅದರಲ್ಲಿತ್ತು. ಅವನಿಗೆ ಅಷ್ಟು ಸಾಕಾಯಿತು. ಹಗಲು ಮನಾಮದ ಮ್ಯೂಸಿಯಂಗಳನ್ನು ಸುತ್ತುವುದು, ಸಂಜೆ ಅವನ್ನೇ ಫೋನಿನಲ್ಲಿ ಸೆವಿಲ್‌ಗೆ ಸಾಗಿಸುವುದು. ಮೊಣಕಾಲು ಮಡಚಿ ಮಲಗಿದ ಸಾವಿರಾರು ವರ್ಷದ ಅಸ್ಥಿಪಂಜರ, ಭೂತಗನ್ನಡಿಯಡಿ ಓದಬೇಕಾದ ಅಕ್ಕಿಕಾಳಿನ ಮೇಲಿನ ಬರಹ. ಹನ್ನೊಂದು ವರ್ಷದಲ್ಲಿ ಇದೊಂದನ್ನೂ ಅವನು ನೋಡಿರಲಿಲ್ಲ. ಬೆಳಿಗ್ಗೆ ಅರಬರ ಹೋಟೆಲಿನಲ್ಲಿ ಸಿಹಿ ಶ್ಯಾವಿಗೆಯ ಮೇಲೆ ಆಮ್ಲೆಟ್ ಹೊದಿಸಿ ಕೊಟ್ಟದ್ದನ್ನು ತಿಂದ. ಅದೂ ಸ್ಪೇನಿನ ತಿಂಡಿಯಾಯಿತು. ನಿಜ ಹೇಳಬೇಕೆಂದರೆ, ಅವನಿಗೆ ಈ ಪ್ರವಾಸ ಹಿಡಿಸತೊಡಗಿತ್ತು.

ಶುಕ್ರವಾರದ ತಪ್ಪಿಗೆ ಶನಿವಾರ ತೇಪೆ ಹಾಕಿದ. "ನಿನ್ನೆ ಇಲ್ಲಿ ಯಾವುದೋ ಸಂತರ ಹಬ್ಬ. ಅದಕ್ಕೇ ರಜೆ."

"ನಾನು ಕೇಳ್ಲೇ ಇಲ್ವಲ್ಲ" ಎಂದಳು ಸುಜಾತಾ.

"ಅಕ್ಕಿಕಾಳಿನ ಮೇಲೆ ಬರೆದದ್ದು ನೋಡಿದೆ ಮಾರಾಯ್ತಿ."

"ಅಲ್ಲಿ ಅಕ್ಕಿ ಬರೀಲಿಕ್ಕೆ ಮಾತ್ರವಾ, ಉಣ್ಲಿಕ್ಕೂ ಉಂಟಾ? ಹೊಟ್ಟೆ ಜಾಗ್ರತೆ."

ಎರಡನೆಯ ವಾರ ಊಟ ಸುಧಾರಿಸಿತು. ಖಾರ ಇಳಿಯಿತು, ಮೀನಿನ ಪದಾರ್ಥ ಹದಕ್ಕೆ ಬಂತು. ಹಳೆಯ ಅಲ್ಯೂಮಿನಿಯಂ ಕ್ಯಾರಿಯರಿನ ಬದಲು ಸ್ಟೀಲಿನದು ಬರತೊಡಗಿತು. "ಚಂದ್ರಮ್ಮನಿಗೆ ಈಗ ಅಡುಗೆ ಕೈಗೆ ಹತ್ತಿತು ನೋಡು" ಎಂದ ಕುಶಲ. ಸೇಸಪ್ಪ ತಟ್ಟೆ ನೋಡುತ್ತ "ಹೂಂ" ಎಂದ.

ಗುರುವಾರ ಸುಜಾತಾ ಫೋನಿನಲ್ಲಿ ನಗುತ್ತಿದ್ದಳು. "ಅಣ್ಣ ಬಂದಿದ್ದ. ಅಸ್ಥಿಪಂಜರ, ಅಕ್ಕಿಕಾಳು ಎಲ್ಲ ಹೇಳಿದೆ. ಲಂಡನ್ನಿನ ಮಾತೇ ಎತ್ತಲಿಲ್ಲ ಮಾರಾಯ್ರೆ!" ಆ ನಗು ಕೇಳಿ ಕುಶಲನಿಗೆ ಚಾಪೆಯ ಮೇಲೆ ಕಳೆದ ದಿನಗಳೆಲ್ಲ ಸಾರ್ಥಕವೆನಿಸಿತು. ಖುಷಿಯಲ್ಲಿ ನಾಲಿಗೆ ಸ್ವಲ್ಪ ಉದ್ದವಾಯಿತು. "ಇಲ್ಲಿಯ ಮೀನು ತಿಂದ್ರೆ ನಿನ್ನ ಅಡುಗೆ ಮರ್ತೇ ಹೋಗ್ತದೆ."

"ಹಾಗಾದ್ರೆ ಒಳ್ಳೇದೇ ಆಯ್ತು" ಎಂದು ಫೋನಿಟ್ಟಳು.

ಮರುದಿನ ಕ್ಯಾರಿಯರಿನ ನಾಲ್ಕೂ ಡಬ್ಬಿಯಲ್ಲಿ ಗಂಜಿ. ಉಪ್ಪಿನಕಾಯಿಯ ಒಂದು ಹೋಳೂ ಇಲ್ಲ. "ಚಂದ್ರಮ್ಮನಿಗೆ ಹುಷಾರಿಲ್ಲ ಅಂತ" ಎಂದ ಸೇಸಪ್ಪ, ಕಿಟಕಿಯ ಕಡೆ ನೋಡುತ್ತ. ಗಂಜಿ ಉಂಡು ಕೂತ ಕುಶಲನಿಗೆ ಇದ್ದಕ್ಕಿದ್ದಂತೆ ಮನೆ ಬೇಕೆನಿಸಿತು. ಸಂಜೆ ಕರವಸ್ತ್ರ ಸುತ್ತುವುದನ್ನೂ ಮರೆತು ಹೇಳಿದ, "ನಿನ್ನೆ ಸುಮ್ನೆ ಹೇಳಿದ್ದು. ನಿನ್ನ ಕೈಯ ಊಟದ ಹಾಗೆ ಎಲ್ಲಿಯೂ ಇಲ್ಲ."

"ನಾಳೆ ಬರ್ತೀರಲ್ಲ" ಎಂದಳು ಅವಳು ಮೆಲ್ಲಗೆ.

ಶನಿವಾರ ಕ್ಯಾರಿಯರಿನಲ್ಲಿ ಮೀನು ಮರಳಿ ಬಂದಿತ್ತು. ಚಂದ್ರಮ್ಮ ಗುಣವಾದಳೆಂದು ಕುಶಲನಿಗೆ ಸಮಾಧಾನವಾಯಿತು. ಸೂಟ್‌ಕೇಸು ಕಟ್ಟಿದ. ಮನಾಮದ ಸೂಕ್ ಪೇಟೆಯಲ್ಲಿ ಹುಡುಕಿ ತಂದ ಸ್ಪೇನಿನ ಆಲಿವ್ ಎಣ್ಣೆಯನ್ನು ಬಟ್ಟೆಗಳ ನಡುವೆ ಇಟ್ಟ. ಏರ್‌ಪೋರ್ಟಿಗೆ ಹೋಗಿ, ಅಲ್ಲಿಂದ ಮನೆಗೆ ಬರಲು ಇನ್ನೂ ಎರಡು ಗಂಟೆಯಿತ್ತು. ಸೇಸಪ್ಪ ಕೆಲಸಕ್ಕೆ ಹೋಗಿದ್ದ. ಎರಡು ವಾರ ಅವನೇ ಪಾತ್ರೆ ತೊಳೆದಿದ್ದ; ಮನೆಯಲ್ಲೂ ಕುಶಲ ಒಂದು ಲೋಟ ತೊಳೆದವನಲ್ಲ. ಹೋಗುವ ಮೊದಲು ಇಷ್ಟಾದರೂ ಮಾಡೋಣವೆಂದು ಕ್ಯಾರಿಯರಿನ ಡಬ್ಬಿಗಳನ್ನು ಬಿಡಿಸಿ, ಉಜ್ಜಿ ತೊಳೆದು, ನೀರು ಇಳಿಯಲೆಂದು ಒಂದೊಂದಾಗಿ ಕವುಚಿ ಹಾಕಿದ.

ಕೊನೆಯ ಡಬ್ಬಿಯ ತಳದಲ್ಲಿ, ಊರಿನ ಪಾತ್ರೆಯಂಗಡಿಯವರು ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿದ್ದರು: "ಸುಜಾತಾ–ಕುಶಲ ಮದುವೆಗೆ, ಅಣ್ಣ ಸುಂದರನ ಉಡುಗೊರೆ."